ಶಿಫ್ಟಿಗೆ ತಡವಾದರೆ ಕಂಪನಿಯವರು ಮನೆಗೇ ಫೋನ್ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಬೆಳಗ್ಗೆ ಆರರ ಶಿಫ್ಟು, ಬಸ್ಸು ಸಿಗದೆ 25 ನಿಮಿಷ ತಡವಾಯಿತು. ಅಷ್ಟರಲ್ಲಿ ಕಂಪನಿಯವರು ಕುಣಿಗಲ್ ಹತ್ತಿರ ಊರಲ್ಲಿರುವ ಅಮ್ಮನಿಗೆ ಫೋನ್ ಹಚ್ಚಿ "ನಿಮ್ಮ ಮಗಳು ಡ್ಯೂಟಿಗೆ ಬಂದಿಲ್ಲ, ಎಲ್ಲಿದ್ದಾಳೆ?" ಅಂದಿದ್ದಾರೆ. ಪಿಜಿಯಲ್ಲಿರುವ ಮಗಳು ಎಲ್ಲಿ ಹೋದಳೋ ಅಂತ ಅಮ್ಮ ಅಕ್ಕಪಕ್ಕದವರನ್ನೆಲ್ಲ ಸೇರಿಸಿಕೊಂಡು ಅತ್ತಿದ್ದಾರೆ. ಹೀಗೆ ಮಾಡೋಕೆ ಅವರಿಗೆ ಹಕ್ಕಿದೆಯಾ, ನಾನೇನು ಮಾಡಲಿ?

ಅಂಥ ಫೋನು ಮಾಡುತ್ತಿದ್ದವನೇ ಉತ್ತರ ಬರೆಯುತ್ತಿದ್ದೇನೆ. ಬೆಂಗಳೂರಿನ ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಟೈಮ್ ಆಫೀಸಿಗೆ, ಅಂದರೆ ಹಾಜರಿ ನೋಡಿಕೊಳ್ಳುವ ಕಚೇರಿಗೆ, 1996ರಲ್ಲಿ ಸೇರಿದೆ, 2022ರಲ್ಲಿ ಬಿಟ್ಟೆ. ಮಸ್ಟರ್ ರೋಲಿನಿಂದ ಬೆರಳಚ್ಚಿನ ಪಂಚಿಂಗ್ ಮೆಷಿನ್ನಿನವರೆಗೆ ಎಲ್ಲವನ್ನೂ ನೋಡಿದ್ದೇನೆ. ಕಂಪನಿಯವರು ಫೋನ್ ಮಾಡಬಹುದು, ಆದರೆ ನಿಮಗೆ. ನಿಮ್ಮ ಅಮ್ಮನಿಗೆ ಮಾಡಿದ್ದು ತಪ್ಪು.

ಆರು ಗಂಟೆ ಹತ್ತು ನಿಮಿಷಕ್ಕೇ ಯಾಕೆ ಅಷ್ಟು ಅರ್ಜೆಂಟು ಅಂತ ನಿಮಗೆ ಅನ್ನಿಸಿರಬಹುದು. ಒಳಗಡೆ ಏನಾಗುತ್ತಿರುತ್ತದೆ ಅಂದರೆ, ರಾತ್ರಿ ಹತ್ತಕ್ಕೆ ಬಂದವನು ಕೈ ತೊಳೆದುಕೊಂಡು ನಿಮ್ಮ ದಾರಿ ಕಾಯುತ್ತಿರುತ್ತಾನೆ. ರಿಲೀವರ್ ಬಾರದೆ ಅವನು ಜಾಗ ಬಿಡುವಂತಿಲ್ಲ. ನಮ್ಮಲ್ಲಿ ಹೀಟ್ ಟ್ರೀಟ್‌ಮೆಂಟ್ ಸೆಕ್ಷನ್ ಇತ್ತು. ಫರ್ನೇಸು 900 ಡಿಗ್ರಿ ದಾಟಿ ಉರಿಯುತ್ತಿರುವಾಗ, ಒಳಗೆ ಗೇರುಗಳ ಲೋಡು ಕೂತಿರುವಾಗ, "ನನ್ನ ಶಿಫ್ಟ್ ಮುಗೀತು" ಅಂತ ಯಾರೂ ಚೀಲ ಹಾಕಿಕೊಂಡು ಹೊರಡೋಕಾಗಲ್ಲ. ಇನ್ನೊಬ್ಬರನ್ನು ಹಾಕಬೇಕೋ, ರಾತ್ರಿಯವನನ್ನೇ ಕಂಟಿನ್ಯೂ ಮಾಡಿಸಬೇಕೋ ಅಂತ ಸೂಪರ್‌ವೈಸರ್ ಕಾಲು ಗಂಟೆಯಲ್ಲಿ ತೀರ್ಮಾನ ಮಾಡಬೇಕು. ಕಂಟಿನ್ಯೂ ಮಾಡಿಸಿದರೆ ಡಬಲ್ ಓಟಿ, ಅದು ನನ್ನ ಕಾಲದಲ್ಲಿ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು: ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಸಂಬಳ ಎರಡರಷ್ಟು. ಹಾಗಾಗಿ ಟೈಮ್ ಆಫೀಸಿನ ಕಿಟಕಿಗೆ ಬಂದು ಸೂಪರ್‌ವೈಸರ್ ಕೇಳುವುದು ಒಂದೇ ಮಾತು. "ಬರ್ತಾನಾ, ಬರಲ್ವಾ? ಬೇಗ ಹೇಳಿ ಸಾರ್."

ಆ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿಮಗೆ ಮಾತ್ರ. ಊರಲ್ಲಿ ಹಾಲು ಕರೆಯುತ್ತಿರುವ ನಿಮ್ಮ ಅಮ್ಮನಿಗೆ ಹೇಗೆ ಗೊತ್ತಿರಬೇಕು?

ಮನೆಗೆ ಮಾಡುವ ಈ ಚಾಳಿ ಎಲ್ಲಿಂದ ಬಂತು ಅಂತಲೂ ಹೇಳುತ್ತೇನೆ. ನಾನು ಸೇರಿದಾಗ ಕಾರ್ಮಿಕರಲ್ಲಿ ಫೋನ್ ಇದ್ದವರು ಬೆರಳೆಣಿಕೆಯಷ್ಟು ಜನ. ರಿಜಿಸ್ಟರಿನಲ್ಲಿ ನಂಬರಿನ ಮುಂದೆ "ಪಿಪಿ" ಅಂತ ಬರೆದಿರುತ್ತಿತ್ತು. ಅಂದರೆ ಪಕ್ಕದ ಮನೆಯದ್ದೋ, ಬೀದಿ ತುದಿಯ ಅಂಗಡಿಯದ್ದೋ ಫೋನು, ಕರೆದು ಕೊಡುತ್ತಾರೆ. ದಾಸರಹಳ್ಳಿಯ ಒಂದು ಪ್ರಾವಿಷನ್ ಸ್ಟೋರಿನ ನಂಬರು ನಮ್ಮ ಏಳು ಜನರ ಹೆಸರಿನ ಮುಂದಿತ್ತು. ಫೋನ್ ಮಾಡಿದರೆ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಹಿಂದಿನ ವಠಾರಕ್ಕೆ ಕೇಳುವ ಹಾಗೆ ಕೂಗುತ್ತಿದ್ದರು, "ಕಂಪ್ನಿಯಿಂದ ಫೋನು! ಇನ್ನೂ ಎದ್ದಿಲ್ವಂತೆ!" ಇಡೀ ವಠಾರಕ್ಕೆ ಸುದ್ದಿ. ಆಗ ಬೇರೆ ದಾರಿ ಇರಲಿಲ್ಲ. ಆಮೇಲೆ ಮೊಬೈಲ್ ಬಂದರೂ 2003ರವರೆಗೆ ಬರುವ ಕರೆಗೂ ದುಡ್ಡು, ಹಾಗಾಗಿ ಅದನ್ನು ಯಾರೂ ಆಫೀಸಿಗೆ ಕೊಡುತ್ತಿರಲಿಲ್ಲ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಫೋನಿದೆ, ಅಭ್ಯಾಸ ಮಾತ್ರ ಪಿಪಿ ಕಾಲದ್ದೇ ಉಳಿದಿದೆ. ಈಗಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಲೇಟಾಗಿ ಬಂದವರ ಹೆಸರು ಹಾಕಿ ಕೆಂಪು ಗುರುತು ಒತ್ತುವ ಸೂಪರ್‌ವೈಸರುಗಳಿಗೆ ಹೋಲಿಸಿದರೆ ಆ ಅಂಗಡಿಯವರೇ ವಾಸಿ. ಅವರ ಕೂಗು ವಠಾರ ದಾಟಿ ಹೋಗುತ್ತಿರಲಿಲ್ಲ.

ನಾನೂ ಈ ತಪ್ಪು ಮಾಡಿದವನೇ. ಲಗ್ಗೆರೆಯಲ್ಲಿ ಅಪ್ಪ ಅಮ್ಮನ ಜೊತೆಗಿದ್ದ ಒಬ್ಬ ಹುಡುಗ, ಫರ್ನೇಸ್ ಹೆಲ್ಪರು. ಮೂರು ದಿನ ಬರಲಿಲ್ಲ, ರಜೆ ಚೀಟಿಯೂ ಇಲ್ಲ. ನಾಲ್ಕನೇ ದಿನ ಬೆಳಗ್ಗೆ ಸೂಪರ್‌ವೈಸರ್ ತಲೆ ತಿನ್ನುತ್ತಿದ್ದ, ನಾನು ಮನೆಯ ಲ್ಯಾಂಡ್‌ಲೈನಿಗೆ ಮಾಡಿದೆ. ಅಪ್ಪ ಎತ್ತಿದರು. "ಐದೂಕಾಲಿಗೇ ಡಬ್ಬಿ ತಗೊಂಡು ಹೊರಟನಲ್ಲ ಸಾರ್" ಅಂದರು. ಅಲ್ಲಿಗೆ "ಹೌದಾ, ಬರ್ತಿರಬೇಕು ಬಿಡಿ" ಅಂದು ಇಟ್ಟಿದ್ದರೆ ಮುಗಿಯುತ್ತಿತ್ತು. ನಾನು ರಿಜಿಸ್ಟರ್ ನೋಡಿಕೊಂಡು ಓದಿದ ಹಾಗೆ ಹೇಳಿಬಿಟ್ಟೆ. "ಸೋಮವಾರದಿಂದ ಬಂದೇ ಇಲ್ವಲ್ಲ ಅವನು."

ಆ ಕಡೆ ಮಾತೇ ಇಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು. ಎಂಟು ಗಂಟೆಗೆ ಅಪ್ಪ ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಅಂಗಿಯ ಜೇಬಿನಲ್ಲಿ ಮಗನ ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ. ಪೊಲೀಸರಿಗೆ ಕೊಡಬೇಕಾಗಬಹುದು ಅಂತ ತಂದಿದ್ದರು. ಸೆಕ್ಯುರಿಟಿಯವನು ಕುರ್ಚಿ ಕೊಟ್ಟರೂ ಕೂರಲಿಲ್ಲ.

ಹುಡುಗ ಹಾಳಾಗಿ ಹೋಗಿರಲಿಲ್ಲ. ಬೊಮ್ಮಸಂದ್ರದ ಇನ್ನೊಂದು ಕಡೆ ಟ್ರಯಲ್‌ಗೆ ಹೋಗುತ್ತಿದ್ದ, ಕೆಲಸ ಖಾಯಂ ಆದಮೇಲೆ ಮನೆಯಲ್ಲಿ ಹೇಳೋಣ ಅಂತಿದ್ದ. ಸೆಟಲ್‌ಮೆಂಟ್ ತಗೊಳ್ಳೋಕೆ ಬಂದಾಗ ನನ್ನನ್ನು ಒಂದೇ ಮಾತು ಕೇಳಿದ. "ಸಾರ್, ನನ್ನ ಮೊಬೈಲ್ ನಂಬರ್ ನಿಮ್ಮ ಹತ್ರ ಇತ್ತಲ್ವಾ?" ಇತ್ತು. ಪಕ್ಕದ ಕಾಲಮ್ಮಿನಲ್ಲೇ ಇತ್ತು. ಚೀಟಿ ಇಲ್ಲದೆ ಕೆಲಸಕ್ಕೆ ತಪ್ಪಿಸಿಕೊಂಡಿದ್ದು ಅವನ ತಪ್ಪು, ಮೆಮೊ ಕೊಡಬಹುದಿತ್ತು. ಅಪ್ಪನ ಮುಂದೆ ಅವನನ್ನು ಬಯಲು ಮಾಡುವ ಕೆಲಸ ನನ್ನದಾಗಿರಲಿಲ್ಲ.

ಮನೆಗೆ ಫೋನ್ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಸೇರುವಾಗ ಫಾರಂನಲ್ಲಿ ತುರ್ತು ಸಂಪರ್ಕ ಅಂತ ಒಂದು ನಂಬರ್ ಬರೆಸಿಕೊಳ್ಳುತ್ತಾರಲ್ಲ, ಅದು ಇರುವುದೇ ಜೀವಕ್ಕೆ ಸಂಬಂಧಿಸಿದ್ದಕ್ಕೆ. ಒಮ್ಮೆ, ಎಂದೂ ತಡ ಮಾಡದ ಒಬ್ಬ ಆಪರೇಟರ್ ಬರಲಿಲ್ಲ. ಮೊಬೈಲಿಗೆ ಮೂರು ಸಲ ಮಾಡಿದೆ, ರಿಂಗಾಗಿ ನಿಂತಿತು. ನಾಲ್ಕನೇ ಸಲ ಯಾರೋ ಅಪರಿಚಿತರು ಎತ್ತಿ, ಗೊರಗುಂಟೆಪಾಳ್ಯದ ಹತ್ತಿರ ಬೈಕ್ ಜಾರಿ ಬಿದ್ದಿದ್ದಾನೆ, ಆಟೋದಲ್ಲಿ ಹಾಕಿಕೊಂಡು ಹೋಗುತ್ತಿದ್ದೇವೆ ಅಂದರು. ಆಗ ಮನೆಗೆ ಮಾಡಿದೆ, ಮಾಡಲೇಬೇಕಿತ್ತು. ಅವತ್ತಿನ ಕರೆಯಿಂದ ಇನ್ನೊಂದು ಉಪಯೋಗವೂ ಆಯಿತು. ಕೆಲಸಕ್ಕೆ ಬರುವ, ಹೋಗುವ ದಾರಿಯಲ್ಲಿ ಆದ ಅಪಘಾತವನ್ನೂ ಕೆಲಸದ ಅಪಘಾತ ಅಂತಲೇ ಪರಿಗಣಿಸುವ ಹಾಗೆ 2010ರಲ್ಲಿ ಇಎಸ್ಐ (ನೌಕರರ ರಾಜ್ಯ ವಿಮೆ) ಕಾಯ್ದೆಗೆ ತಿದ್ದುಪಡಿ ಆಗಿತ್ತು. ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಬಿದ್ದ ಅನ್ನುವುದು ಅವತ್ತೇ ನಮ್ಮ ರಿಜಿಸ್ಟರಿನಲ್ಲಿ ಬರೆದಿತ್ತು, ಅಪಘಾತ ವರದಿ ಕಳಿಸೋಕೆ ತೊಂದರೆ ಆಗಲಿಲ್ಲ. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ದಾರಿಯಲ್ಲಿ ಏನಾದರೂ ಆದರೆ ಮೊದಲು ಟೈಮ್ ಆಫೀಸಿಗೆ ತಿಳಿಸಿ.

ಇನ್ನು ಕಾನೂನು. ನೌಕರರ ಮನೆಗೆ ಫೋನ್ ಮಾಡಬಾರದು ಅಂತ ನೇರವಾಗಿ ಹೇಳುವ ಕಲಮು ಕಾರ್ಖಾನೆ ಕಾಯ್ದೆಯಲ್ಲಿ ಇರಲಿಲ್ಲ. ಹಾಗಂತ ಮನೆಯವರಿಗೆ ದೂರು ಹೇಳುವುದು ಶಿಸ್ತುಕ್ರಮವೂ ಅಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1946ರ ಕಾಯ್ದೆಯಿಂದ ಬಂದ ಮಾದರಿ ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕೆಲಸದ ನಿಯಮಾವಳಿ, ತೆಗೆದು ನೋಡಿ. ಅದರಲ್ಲಿ ದುರ್ವರ್ತನೆ ಅಂತಿದ್ದದ್ದು ಪದೇಪದೇ ತಡವಾಗಿ ಬರುವ ಚಟ, ಒಂದು ದಿನ ಬಸ್ಸು ತಪ್ಪಿದ್ದಲ್ಲ. ಅದಕ್ಕೂ ನೋಟಿಸು, ವಿವರಣೆ ಅಂತ ದಾರಿ ಇತ್ತು. ಎಲ್ಲವೂ ನಿಮ್ಮ ಹೆಸರಿಗೇ ಬರಬೇಕು, ಅಮ್ಮನ ಹೆಸರಿಗಲ್ಲ. ಯಾವ ಸೆಕ್ಷನ್ನಿನವರೇ ಆಗಲಿ, ಕೆಲಸದ ಕರಾರು ಮಾಡಿಕೊಂಡವರು ನೀವು. ಶಾಲೆಯ ಡೈರಿಗೆ ಪೋಷಕರ ಸಹಿ ಹಾಕಿಸಿಕೊಂಡು ಬರುವ ವಯಸ್ಸು ಮುಗಿದಿದೆ.

ನೀವು ಕೇಳದಿದ್ದರೂ ಒಂದು ವಿಷಯ. ಆ ದಿನದ ಸಂಬಳದಲ್ಲಿ ಎಷ್ಟು ಹಿಡಿದಿದ್ದಾರೆ ನೋಡಿ. 25 ನಿಮಿಷಕ್ಕೆ ಅರ್ಧ ದಿನ ಕತ್ತರಿಸುವುದು ಎಷ್ಟೋ ಕಡೆ ರೂಢಿ. ಗೈರಾದ ಹೊತ್ತಿಗೆ ತಕ್ಕಷ್ಟೇ ಹಿಡಿಯಬೇಕು ಅಂತ 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ವೇತನ ಸಂಹಿತೆ ಬಂದಿದೆ, ಅದರಲ್ಲೂ ಇದೇ ಮಾತಿದೆ. ಪೇ ಸ್ಲಿಪ್ ತೆಗೆದು ಲೆಕ್ಕ ಹಾಕಿ.

ಜಗಳಕ್ಕೆ ಇಳಿಯುವ ಮುಂಚೆ ನಿಮ್ಮ ಫೋನಿನಲ್ಲಿ ಮಿಸ್ಡ್ ಕಾಲ್ ಇದೆಯಾ ನೋಡಿಕೊಳ್ಳಿ. ಅವರು ನಾಲ್ಕು ಸಲ ಮಾಡಿ, ನಿಮ್ಮದು ಸೈಲೆಂಟಿನಲ್ಲಿದ್ದು, ಆಮೇಲೆ ಹೆದರಿ ಊರಿಗೆ ಮಾಡಿದ್ದರೆ ಅರ್ಧ ತಪ್ಪು ನಿಮ್ಮ ಕಡೆಯೂ ಇದೆ. ಮಿಸ್ಡ್ ಕಾಲ್ ಒಂದೂ ಇಲ್ಲ ಅಂದರೆ ಎಚ್‌ಆರ್‌ಗೆ ಎರಡು ಸಾಲಿನ ಅರ್ಜಿ ಕೊಡಿ: ಹಾಜರಿ ವಿಷಯಕ್ಕೆ ನನ್ನ ಈ ನಂಬರಿಗೆ ಮಾತ್ರ ಕರೆ ಮಾಡಿ, ತಾಯಿಯ ನಂಬರು ಅಪಘಾತ, ಅನಾರೋಗ್ಯದಂಥ ಸಂದರ್ಭಕ್ಕೆ ಮಾತ್ರ. ಒಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಫೋನ್ ಮಾಡಿದ ಹುಡುಗನ ಮೇಲೆ ಕೂಗಾಡಬೇಡಿ. ಅವನು ಮೇಲಿನವರು ಹೇಳಿದ್ದನ್ನು ಮಾಡಿರುತ್ತಾನೆ, ನಾಳೆ ನಿಮ್ಮ ಗೇಟ್ ಪಾಸೂ ಅವನ ಕಿಟಕಿಯಿಂದಲೇ ಬರಬೇಕು. ಸೂಪರ್‌ವೈಸರ್ ನಂಬರ್ ಸೇವ್ ಮಾಡಿಕೊಂಡು, ಬಸ್ ಸ್ಟಾಪಿನಲ್ಲಿ ನಿಂತಾಗಲೇ "ಅರ್ಧ ಗಂಟೆ ತಡ ಆಗುತ್ತೆ" ಅಂತ ಒಂದು ಮೆಸೇಜು ಹಾಕಿಬಿಡಿ. 2021ರ ಡಿಸೆಂಬರಿನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದಾಗ ಇಡೀ ತುಮಕೂರು ರಸ್ತೆ ತಡವಾಗಿ ಬರುತ್ತಿತ್ತು. ಆ ದಿನಗಳಲ್ಲಿ ಮೆಸೇಜು ಹಾಕಿದವರಿಗೆ ನಾನು ಒಂದು ಸಲವೂ ಫೋನ್ ಮಾಡಲಿಲ್ಲ.

ಅಮ್ಮನಿಗೂ ಒಂದು ಮಾತು ಹೇಳಿಕೊಡಿ. ಮುಂದೆ ಅಂಥ ಕರೆ ಬಂದರೆ ಅಳುವುದಕ್ಕೆ ಮುಂಚೆ ಕೇಳಲಿ: "ಅವಳ ಮೊಬೈಲ್‌ಗೆ ಎಷ್ಟು ಸಲ ಮಾಡಿದ್ರಿ ಸಾರ್?"