ಹಳೇ ವ್ಯಾಕ್ಯೂಮ್ ಕ್ಲೀನರ್: ಎಳೆತವೋ, ಗಾಳಿಯ ಹರಿವೋ?

ಪ್ರಶ್ನೆ: ಹಳೇ ವ್ಯಾಕ್ಯೂಮ್ ಕ್ಲೀನರ್ ಕೂಡಿಡೋದು ನನಗಿಷ್ಟ. ನಿಂತು ತಳ್ಳುವ ಕರ್ಬಿ ಇದೆ, ಉದ್ದ ಪೈಪಿನ ಎಲೆಕ್ಟ್ರೋಲಕ್ಸ್ ಇದೆ. ಅಂಗೈ ಇಟ್ಟರೆ ಎಲೆಕ್ಟ್ರೋಲಕ್ಸೇ ಬಿಗಿಯಾಗಿ ಹಿಡಿಯುತ್ತದೆ. ಆದರೆ ಕಾರ್ಪೆಟ್ ಚೊಕ್ಕ ಆಗೋದು ಕರ್ಬಿಯಿಂದ. ಯಾಕೆ?
– ಕನ್ನಡಿಗ ಓದುಗರು, ಓಹಾಯೋ

ಉತ್ತರ: ಅಂಗೈ ಅಡ್ಡ ಇಟ್ಟಾಗ ಗಾಳಿಯ ಹರಿವೇ ನಿಂತುಹೋಗುತ್ತದೆ, ಅಲ್ವಾ? ನಿಮಗೆ ಗೊತ್ತಾಗೋದು ಎಳೆತ ಮಾತ್ರ. ಕಾರ್ಪೆಟ್ಟಿನ ಮಣ್ಣು ಹೊತ್ತೊಯ್ಯಲು ಹರಿವು ಬೇಕು. ಕರ್ಬಿಯಲ್ಲಿ ಫ್ಯಾನು ಬಾಯಿಯ ಹತ್ತಿರವೇ ಇದೆ. ದಾರಿ ಗಿಡ್ಡ, ಅಗಲ. ಉರುಳುವ ಬ್ರಷ್ಷು ಎಳೆಗಳನ್ನು ಬಡಿದು ಮಣ್ಣೆಬ್ಬಿಸುತ್ತದೆ. ಕಸ ಫ್ಯಾನಿನ ಮೂಲಕವೇ ಚೀಲಕ್ಕೆ ಹೋಗುತ್ತದೆ. ಹಾಗಾಗಿ ಮೊಳೆ, ನಾಣ್ಯ ಮೊದಲೇ ಆರಿಸಿಬಿಡಿ. ಇಲ್ಲದಿದ್ದರೆ ರೆಕ್ಕೆ ಮುರಿದೀತು. ನಿಮ್ಮ ಓಹಾಯೋದ ಕ್ಯಾಂಟನ್‌ನಲ್ಲೇ ಅಂಗಡಿ ಗುಡಿಸುತ್ತಿದ್ದ ಜೇಮ್ಸ್ ಮರೆ ಸ್ಪ್ಯಾಂಗ್ಲರ್ 1908ರಲ್ಲಿ ಪೇಟೆಂಟ್ ಪಡೆದ ಯಂತ್ರದ್ದೂ ಇದೇ ಕ್ರಮ. ವ್ಯಾಕ್ಯೂಮ್ ಕ್ಲೀನರ್ ಕಂಪನಿ ಹೂವರ್ ಬೆಳೆದದ್ದು ಅದರಿಂದಲೇ.

ಎಲೆಕ್ಟ್ರೋಲಕ್ಸಿನಲ್ಲಿ ಮೊದಲು ಚೀಲ, ಆಮೇಲೆ ಫ್ಯಾನು. ಉದ್ದ ಪೈಪಿಗೆ ಜಾಸ್ತಿ ಎಳೆತ ಬೇಕು. ಸೋಫಾ ಸಂದಿ, ಪರದೆಗೆ ನಾನು ಇದನ್ನೇ ಆರಿಸುತ್ತೇನೆ. ಚೀಲದ ಒಳಮೈಗೆ ಸಣ್ಣ ಧೂಳು ಮೆತ್ತಿಕೊಂಡರೆ ಹರಿವು ಇಳಿಯುತ್ತದೆ, ಚೀಲ ಅರ್ಧವೇ ತುಂಬಿದ್ದರೂ ಸರಿ.

ಸೋಸುವ ವಿಷಯಕ್ಕೆ ಬಂದರೆ ಹಳೇ ಬಟ್ಟೆ ಚೀಲ ನನಗೆ ಒಪ್ಪಿಗೆಯಿಲ್ಲ. ಕರ್ಬಿಯ ಗಾಳಿ ಚೀಲವನ್ನು ಒಳಗಿನಿಂದ ಒತ್ತುತ್ತದೆ, ಸಣ್ಣ ಧೂಳು ನೇಯ್ಗೆಯಿಂದ ಹೊರಬೀಳುತ್ತದೆ. ಬಿಸಿಲು ಕೋಲಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಹೊಂದುವ ಹೆಪಾ ಚೀಲ (ತೀರಾ ಸಣ್ಣ ಧೂಳನ್ನೂ ಹಿಡಿಯುವಂಥದ್ದು) ಸಿಕ್ಕರೆ ಹಾಕಿ. ಎರಡನ್ನೂ ಹೋಲಿಸುವಾಗ ಹೊಸ ಚೀಲ ಹಾಕಿ, ಹರಿವನ್ನೂ ಎಳೆತವನ್ನೂ ಬೇರೆ ಬೇರೆ ಅಳೆಯಿರಿ.