ಮಾಲೆಯ ಗಡ್ಡ, ಗೆಳೆಯನ ಗಡ್ಡ

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು:

"ನಾನು ಗೋಕುಲ ರಸ್ತೆಯ ಒಂದು ಶೋರೂಮಿನಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತೇನೆ. ಆ 41 ದಿನ ಗಡ್ಡ ಬಿಡುತ್ತೇನೆ, ಕಪ್ಪು ಬಟ್ಟೆ ಉಡುತ್ತೇನೆ, ಚಪ್ಪಲಿ ಮೆಟ್ಟುವುದಿಲ್ಲ. ಮ್ಯಾನೇಜರ್ ನನ್ನನ್ನು 'ಸ್ವಾಮಿ' ಎಂದೇ ಕರೆಯುತ್ತಾರೆ. ನನ್ನ ಜೊತೆ ಮೂರು ವರ್ಷದಿಂದ ಒಬ್ಬ ಮುಸ್ಲಿಂ ಗೆಳೆಯ ಇದ್ದ. ಹೋದ ತಿಂಗಳು ಅವನಿಗೆ ಗಡ್ಡ ತೆಗೆದು ಬಾ ಎಂದರು. ಅವನು ಒಪ್ಪಲಿಲ್ಲ. ನಾಳೆಯಿಂದ ಬರಬೇಡ ಎಂದರು. ಇದಕ್ಕೆ ಕಾನೂನು ಇಲ್ಲವೇ? ನಾನು ಸಾಕ್ಷಿ ಹೇಳಿದರೆ ನನ್ನ ಕೆಲಸವೂ ಹೋಗುತ್ತಾ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪೆಟ್ಟು ತಿಂದವರು ಬರೆಯುವ ಪತ್ರಗಳು ನಮಗೆ ಬರುತ್ತವೆ. ಪಕ್ಕದಲ್ಲಿದ್ದು ನೋಡಿದವರು ಬರೆಯುವುದು ಕಡಿಮೆ.

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಸಂವಿಧಾನದ 16ನೇ ವಿಧಿ ಧರ್ಮದ ಕಾರಣಕ್ಕೆ ನೌಕರಿಯಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಆದರೆ ಅದು ಕಟ್ಟಿಹಾಕುವುದು ಸರ್ಕಾರವನ್ನು, ಸರ್ಕಾರದ ಸಂಸ್ಥೆಗಳನ್ನು. ನಿಮ್ಮ ಗೋಕುಲ ರಸ್ತೆಯಲ್ಲೇ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇದೆಯಲ್ಲ, ನಿಮ್ಮ ಗೆಳೆಯ ಅಲ್ಲಿ ನೌಕರನಾಗಿದ್ದರೆ ಇದೇ ವಿಧಿ ಹಿಡಿದು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬಹುದಿತ್ತು. ಖಾಸಗಿ ಶೋರೂಮಿಗೆ ಅದು ನೇರವಾಗಿ ತಾಗುವುದಿಲ್ಲ. ಅಂಗವಿಕಲರ ಪರವಾಗಿ 2016ರ ಕಾಯ್ದೆ ಇದೆ. ಎಚ್‌ಐವಿ ಇರುವವರಿಗೆ 2017ರದ್ದು, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರದ್ದು ಇದೆ. ಇವು ಖಾಸಗಿ ಮಾಲೀಕರನ್ನೂ ಬಿಡುವುದಿಲ್ಲ. ಧರ್ಮದ ಹೆಸರೆತ್ತಿ ಖಾಸಗಿ ಮಾಲೀಕನನ್ನು ಕೇಳುವ ಅಂಥದ್ದೊಂದು ಕೇಂದ್ರ ಕಾಯ್ದೆ ಇನ್ನೂ ಬಂದಿಲ್ಲ. ಬರಬೇಕು. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಹಾಗಂತ ಗೆಳೆಯ ಕೈಕಟ್ಟಿ ಕೂರಬೇಕಿಲ್ಲ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಹಳೆಯದು, ಆದರೆ ಗಟ್ಟಿ. ಅದರ 39ನೇ ಸೆಕ್ಷನ್ ನೋಡಿ. ಆರು ತಿಂಗಳು ಕೆಲಸ ಮಾಡಿದವನನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣ ಇದ್ದರೂ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲ ಒಂದು ತಿಂಗಳ ಸಂಬಳ ಕೊಡಬೇಕು. ತಪ್ಪು ಮಾಡಿದ್ದಾನೆ ಎಂದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ನಿಮ್ಮ ಗೆಳೆಯನಿಗೆ ಸಿಕ್ಕಿದ್ದು ಬರೀ ಬಾಯಿಮಾತು. ಇದರ ಮೇಲೆ ಮೇಲ್ಮನವಿ ಹಾಕಲು ಅವಕಾಶ ಇದೆ. ಅದಕ್ಕೆ ಗಡುವೂ ಇದೆ, ಆಗಲೇ ಒಂದು ತಿಂಗಳಾಗುತ್ತಾ ಬಂತು. ಈ ವಾರವೇ ಕಾರ್ಮಿಕ ಇಲಾಖೆಗೆ ಹೋಗಲಿ.

ಈಗ ಮುಖ್ಯ ವಿಷಯ. ಗಡ್ಡ ಬಿಡುವುದು ನನ್ನ ಧರ್ಮದ ಹಕ್ಕು ಎಂದು ಅಲ್ಲಿ ವಾದಕ್ಕೆ ನಿಂತರೆ ದಾರಿ ಬಹಳ ಉದ್ದ. ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರು ಗಡ್ಡಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2016ರಲ್ಲಿ ಸೋತರು. ಶೋರೂಮು ವಾಯುಪಡೆಯಲ್ಲ, ನಿಜ. ಆದರೂ ಆ ದಾರಿ ಬೇಡ. ಗೆಳೆಯ ಕೇಳಬೇಕಾದ ಪ್ರಶ್ನೆ ಸರಳ: ಅದೇ ಕೌಂಟರಿನಲ್ಲಿ, ಅದೇ ಮ್ಯಾನೇಜರ್ ಎದುರು, ಇನ್ನೊಬ್ಬರ ಗಡ್ಡ ಯಾಕೆ ನಡೆಯಿತು? ನೈರ್ಮಲ್ಯ, ಗಿರಾಕಿ, ಶಿಸ್ತು, ಯಾವ ಕಾರಣ ಹೇಳಿದರೂ ನಿಮ್ಮ 41 ದಿನ ಅದನ್ನು ಸುಳ್ಳು ಮಾಡುತ್ತದೆ. ನಿಮ್ಮ ಮಾಲೆಗೆ ಸಿಕ್ಕ ಗೌರವ ಸರಿಯಾದದ್ದೇ. ಅದನ್ನು ಯಾರೂ ಕಿತ್ತುಕೊಳ್ಳಬಾರದು. ಅಷ್ಟೇ ಅವನಿಗೂ ಸಿಗಲಿ ಎಂಬುದು ನ್ಯಾಯ, ಅಲ್ವಾ?

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮಾಲೀಕರು ಮಾಡಬಾರದ ಅನುಚಿತ ನಡೆಗಳ ಪಟ್ಟಿ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿದೆ. ಯೋಗ್ಯತೆ ನೋಡದೆ ಒಂದು ಗುಂಪಿನ ಕೆಲಸಗಾರರಿಗೆ ಪಕ್ಷಪಾತ ತೋರುವುದು ಅದರಲ್ಲಿ ಒಂದು. ಧರ್ಮ ಎಂಬ ಪದ ಅಲ್ಲಿಲ್ಲ, ಆದರೆ ಈ ಮಾತು ನಿಮ್ಮ ಶೋರೂಮಿಗೆ ಸರಿಯಾಗಿ ಹೊಂದುತ್ತದೆ.

ನಿಮ್ಮ ಭಯಕ್ಕೆ ಉತ್ತರವೂ ಅದೇ ಪಟ್ಟಿಯಲ್ಲಿದೆ. ಕೈಗಾರಿಕಾ ವಿವಾದದ ವಿಚಾರಣೆಯಲ್ಲಿ ಮಾಲೀಕನ ವಿರುದ್ಧ ಸಾಕ್ಷಿ ನುಡಿದನೆಂದು ಕೆಲಸಗಾರನನ್ನು ತೆಗೆಯುವುದೂ ಅನುಚಿತ ನಡೆಯೇ. ತೊಂದರೆಯೇ ಆಗುವುದಿಲ್ಲ ಎಂದು ನಾನು ಸುಮ್ನೆ ಧೈರ್ಯ ತುಂಬಲಾರೆ. ಸಣ್ಣ ಶಿಫ್ಟು, ತಡವಾದ ಸಂಬಳ, ಮುಖ ತಿರುಗಿಸುವುದು, ಇವೆಲ್ಲ ಆಗಬಹುದು. ಮನೆಯವರ ಜೊತೆ ಕೂತು ಮಾತಾಡಿ, ಆಮೇಲೆ ನಿರ್ಧಾರ ಮಾಡಿ. ಆದರೆ ಈ ಪ್ರಕರಣದಲ್ಲಿ ನಿಮ್ಮಷ್ಟು ಬಲವಾದ ಸಾಕ್ಷಿ ಇನ್ನೊಬ್ಬರಿಲ್ಲ.

ಗೆಳೆಯನಿಗೆ ಒಂದು ಮಾತು ಇವತ್ತೇ ಮುಟ್ಟಿಸಿ: ಬಾಕಿ ಸಂಬಳ ಕೊಡುತ್ತೇವೆ ಎಂದು ಕರೆದರೆ, ರಾಜೀನಾಮೆ ಪತ್ರಕ್ಕೆ ಮಾತ್ರ ಸಹಿ ಹಾಕಬಾರದು. ಎಷ್ಟೋ ಪ್ರಕರಣ ಅಲ್ಲೇ ಮುಗಿದುಹೋಗುತ್ತವೆ. ಏನಾಯಿತು, ಯಾವ ದಿನ, ಯಾರು ಹೇಳಿದರು ಎಂದು ಬರೆದು ಮಾಲೀಕರಿಗೆ ಸ್ಪೀಡ್ ಪೋಸ್ಟ್ ಮಾಡಲಿ, ರಸೀದಿ ಇಟ್ಟುಕೊಳ್ಳಲಿ. ವಾಟ್ಸ್‌ಆ್ಯಪ್ ಮೆಸೇಜು ಅಳಿಸಬಾರದು. ವಕೀಲರ ಖರ್ಚಿನ ಚಿಂತೆ ಇದ್ದರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಲಿ. ನೀವು ಮಾಲೆ ಹಾಕಿದ ದಿನಗಳಲ್ಲಿ ಶೋರೂಮಿನೊಳಗೆ ತೆಗೆದ ಫೋಟೋ ಇದ್ದರೆ ತೆಗೆದಿಡಿ.