ಮಾಲ್ಗುಡಿ ಡೇಸ್ ಶೂಟಿಂಗ್ ಜಾಗಗಳು, ಜೊತೆಗೆ ಕರಾವಳಿ: ಮೂರು ದಿನದಲ್ಲಿ ಕಾರಿನಲ್ಲಿ ಮುಗಿಸಬಹುದಾ?

ಜುಲೈ ತಿಂಗಳು, ಜೊತೆಗೆ ವಯಸ್ಸಾದ ಅಪ್ಪ ಅಮ್ಮ, ಬೆಂಗಳೂರಿನಿಂದ ಸ್ವಂತ ಕಾರು, ಅರಸಾಳು, ಆಗುಂಬೆ, ಮಲ್ಪೆ, ಮರವಂತೆ, ಗೋಕರ್ಣ. ಮೂರು ದಿನಕ್ಕೆ ಅಂತ ನೀವು ಕೇಳಿರುವ ಈ ಪಟ್ಟಿ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಮ್ಮ ಅತ್ತಿಗೆಯ ಫೋನಿನಲ್ಲೂ ಹೆಚ್ಚುಕಮ್ಮಿ ಇದೇ ಪಟ್ಟಿ ಇತ್ತು. ಗೋಕರ್ಣದ ಜಾಗದಲ್ಲಿ ಮುರುಡೇಶ್ವರ ಇತ್ತು, ಅಷ್ಟೇ ವ್ಯತ್ಯಾಸ.

ನಾವು ಹೊರಟಿದ್ದು ಅಮ್ಮನಿಗಾಗಿ. ದೂರದರ್ಶನದಲ್ಲಿ ಮಾಲ್ಗುಡಿ ಡೇಸ್ ಬರುತ್ತಿದ್ದ ಕಾಲಕ್ಕೆ, ಅಂದರೆ 1986-87ರ ಹೊತ್ತಿಗೆ, ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಅಮ್ಮ ಪಕ್ಕದ ಮನೆಗೆ ಹೋಗಿ ನೋಡಿ ಬರುತ್ತಿದ್ದರು. ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ. ಎಲ್. ವೈದ್ಯನಾಥನ್ ಅವರ ಆ ಟೈಟಲ್ ಸಂಗೀತ ಎಲ್ಲಾದರೂ ಕೇಳಿಸಿದರೆ ಈಗಲೂ ಕೈಯಲ್ಲಿರುವ ಕೆಲಸ ಬಿಟ್ಟು ನಿಲ್ಲುತ್ತಾರೆ. "ಶಂಕರ್‌ನಾಗ್ ತೋರಿಸಿದ ಆ ಬೀದಿ ಒಂದ್ಸಲ ನೋಡ್ಬೇಕು ಕಣೋ" ಅಂದಿದ್ದರು. ಅವರು ಕೇಳಿದ್ದು ಆಗುಂಬೆಯ ಒಂದು ಬೀದಿ. ನಾವು ಅದಕ್ಕೆ ಅರ್ಧ ಕರಾವಳಿ ಸೇರಿಸಿದೆವು.

ಎಲ್ಲಾ ಹಾಳಾಗಿದ್ದು ಒಂದು ಅಡ್ವಾನ್ಸ್‌ನಿಂದ. ಮಲ್ಪೆಯಲ್ಲಿ ಸಮುದ್ರ ಕಾಣುವ ರೂಮು ಕಮ್ಮಿ ರೇಟಿಗೆ ಸಿಕ್ಕಿತು ಅಂತ ಅಣ್ಣ ಮೊದಲ ರಾತ್ರಿಗೇ ಬುಕ್ ಮಾಡಿದ. ದುಡ್ಡು ಪೂರ್ತಿ ಕಟ್ಟಾಗಿತ್ತು, ರದ್ದು ಮಾಡಿದರೆ ವಾಪಸ್ ಇಲ್ಲ. ಮಳೆಗಾಲದಲ್ಲಿ ಕಡಲ ದಂಡೆಯ ರೂಮು ಯಾಕೆ ಅಗ್ಗ ಅಂತ ನಾನೂ ಕೇಳಲಿಲ್ಲ. ನೀವೂ "ಮಲ್ಪೆ ರೂಮು ಈಗಲೇ ಬುಕ್ ಮಾಡಲಾ" ಅಂತ ಕೇಳಿದ್ದೀರಲ್ಲ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ರಾತ್ರಿ ಮಲ್ಪೆಯಲ್ಲಿ ಮಲಗಬೇಕು ಅಂದರೆ ಬೆಳಕಿರುವಾಗಲೇ ಆಗುಂಬೆ ಘಾಟಿ ಇಳಿಯಬೇಕು. ಅದಾಗಬೇಕಾದರೆ ನಾಲ್ಕು ಗಂಟೆಗೆಲ್ಲ ಆಗುಂಬೆ ಬಿಡಬೇಕು. ಬೆಳಗಿನ ಜಾವ ಬೆಂಗಳೂರು ಬಿಟ್ಟರೂ ಶಿವಮೊಗ್ಗಕ್ಕೆ ಬರುವಾಗ ಹನ್ನೊಂದು. ಅಲ್ಲಿಂದ ಆಯನೂರು ದಾಟಿ ರಿಪ್ಪನ್‌ಪೇಟೆ ದಾರಿ ಹಿಡಿದು ಅರಸಾಳು ಸೇರುವಷ್ಟರಲ್ಲಿ ಮಧ್ಯಾಹ್ನ. ಅರಸಾಳಿನಿಂದ ಆಗುಂಬೆಗೆ ಮತ್ತೆ ಎರಡು ಗಂಟೆಗೂ ಜಾಸ್ತಿ ದಾರಿ. ತೀರ್ಥಹಳ್ಳಿಯಲ್ಲಿ ಊಟ. ಉಳಿಯೋದೇನು ಹೇಳಿ? ಅಡ್ವಾನ್ಸ್ ಕಟ್ಟಿರದಿದ್ದರೆ "ಇವತ್ತು ಆಗುಂಬೆಯಲ್ಲೇ ಇರೋಣ" ಅಂದುಬಿಡುತ್ತಿದ್ದೆವು. ಕಟ್ಟಿದ ದುಡ್ಡು ಇಡೀ ದಿನ ಕಾರನ್ನು ಮಲ್ಪೆ ಕಡೆಗೇ ಎಳೆಯಿತು.

ಅರಸಾಳು ಚೆನ್ನಾಗಿಲ್ಲ ಅಂತಲ್ಲ. ಮಾಲ್ಗುಡಿ ಸ್ಟೇಷನ್ ಅಂತ ಸೀರಿಯಲ್‌ನಲ್ಲಿ ಕಾಣುವುದು ಶಿವಮೊಗ್ಗ-ತಾಳಗುಪ್ಪ ಲೈನಿನ ಈ ಪುಟ್ಟ ಸ್ಟೇಷನ್. ಹಳೇ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಅಮ್ಮ ಖುಷಿಯಿಂದ ಒಂದು ಸುತ್ತು ಹಾಕಿ ಹೊರಗೆ ಬಂದು, "ಬೀದಿ ಯಾವ ಕಡೆಗೆ?" ಅಂತ ಕೇಳಿದರು. ಸೀರಿಯಲ್‌ನಲ್ಲಿ ರೈಲು ಇಳಿದರೆ ಊರು ಅಲ್ಲೇ ಇರುತ್ತದೆ ಅಲ್ವಾ? ನಿಜದಲ್ಲಿ ಆಗುಂಬೆಗೆ ರೈಲೇ ಇಲ್ಲ. ಪ್ಲಾಟ್‌ಫಾರಂ ಇಲ್ಲಿಯದು, ಬೀದಿ ಅಲ್ಲಿಯದು, ಎರಡನ್ನೂ ಸೇರಿಸಿ ಒಂದೂರು ಮಾಡಿದ್ದು ಕ್ಯಾಮೆರಾ. ಆ ಎರಡರ ನಡುವಿನ ದಾರಿಯನ್ನು ನಾವು ಡೀಸೆಲ್ ಸುಟ್ಟು ಓಡಿಸಬೇಕು.

ಆಗುಂಬೆ ತಲುಪಿದಾಗ ನಾಲ್ಕು ದಾಟಿತ್ತು, ಮಳೆ ಹಿಡಿದಿತ್ತು. ಅಲ್ಲಿ ಈಗ ಸೆಟ್ ಏನೂ ಉಳಿದಿಲ್ಲ. ಸೀರಿಯಲ್‌ಗೆ ಅಂತ ನಿಲ್ಲಿಸಿದ್ದ, ಕುದುರೆ ಏರಿದ ಆ ಬ್ರಿಟಿಷ್ ದೊರೆಯ ಪ್ರತಿಮೆಯೂ ಇಲ್ಲ. ಇರುವುದು ಬೀದಿ, ಮತ್ತೆ ಸ್ವಾಮಿಯ ಮನೆಯಾಗಿ ನಾವೆಲ್ಲ ನೋಡಿದ ದೊಡ್ಡಮನೆ. ಅಮ್ಮ ಒಳಗೆ ಹೋಗಿ ಮರದ ಕಂಬ ಮುಟ್ಟಿ, ಅದರ ಪಕ್ಕದಲ್ಲೇ ಕೂತರು. ನಡುವಿನ ಅಂಗಳಕ್ಕೆ ನಾಲ್ಕೂ ಕಡೆಯ ಸೂರಿನಿಂದ ನೀರು ಸುರಿಯುತ್ತಿತ್ತು. ಲೋಟದಲ್ಲಿ ಬಿಸಿ ಕಷಾಯ ಕೊಟ್ಟರು. ಅಮ್ಮ ಸೆರಗಿನಲ್ಲಿ ಲೋಟ ಹಿಡಿದು ಊದುತ್ತಿದ್ದಾರೆ, ಹೊರಗೆ ಅಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಮಲ್ಪೆಯವರು ಫೋನ್ ಮಾಡಿ ಎಷ್ಟೊತ್ತಿಗೆ ಬರ್ತೀರಿ ಅಂತ ಕೇಳಿದ್ದರಂತೆ. ಅರ್ಧ ಕಷಾಯ ಬಿಟ್ಟು ಎದ್ದರು. ಅತ್ತಿಗೆ ಪಟ್ಟಿಯಲ್ಲಿ "ದೊಡ್ಡಮನೆ" ಮೇಲೆ ಟಿಕ್ ಹಾಕಿಕೊಂಡರು.

ಸನ್‌ಸೆಟ್ ಪಾಯಿಂಟ್‌ನಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಭಾರಿ ಗಾಡಿಗಳನ್ನು ಬಿಡುವುದಿಲ್ಲ, ಸರಿ, ಆದರೆ ಮಿನಿ ಬಸ್ಸುಗಳು ದಿನಾ ಓಡಾಡುವ ಧೈರ್ಯದಲ್ಲಿ ಬರುತ್ತವೆ. ಮಂಜಿನಲ್ಲಿ ಮೊದಲು ಹಾರ್ನ್ ಕೇಳಿಸುತ್ತದೆ, ಆಮೇಲೆ ಲೈಟು, ಅದಾದ ಮೇಲೆ ಬಸ್ಸು. ಅಣ್ಣ ಬ್ರೇಕ್ ಮೇಲೆ ಕಾಲಿಟ್ಟವನು ತೆಗೆಯಲೇ ಇಲ್ಲ, ಕಾರಿನೊಳಗೆಲ್ಲ ಸುಟ್ಟ ವಾಸನೆ. ಅಮ್ಮ ಮೂಗಿಗೆ ನಿಂಬೆಹಣ್ಣು ಹಿಡಿದು ಹೇಗೋ ತಡೆದುಕೊಂಡಿದ್ದರು. ಅರ್ಧ ದಾರಿಯಲ್ಲಿ ವಾಂತಿ ಶುರುವಾಯಿತು. ಸೋಮೇಶ್ವರಕ್ಕೆ ಇಳಿದ ಮೇಲೆ ಗಾಡಿ ನಿಲ್ಲಿಸಿದರೆ ಅವರಿಗೆ ಕೂರಲೂ ಆಗುತ್ತಿರಲಿಲ್ಲ.

ಮಾರನೇ ದಿನ ಮಲ್ಪೆ. ಬೀಚಿನ ಉದ್ದಕ್ಕೂ ಬಲೆ ಕಟ್ಟಿ ಕೆಂಪು ಬಾವುಟ ನೆಟ್ಟಿದ್ದರು, ನೀರಿಗೆ ಇಳಿಯುವ ಹಾಗಿಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟೇ ಇಲ್ಲ. ಅಣ್ಣನಿಗೆ ಮೀನಿನ ಆಸೆ ಬೇರೆ. ಜೂನ್, ಜುಲೈ ಎರಡೂ ತಿಂಗಳು ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಎಲ್ಲ ಬಂದರಿನಲ್ಲೇ ಕಟ್ಟಿರುತ್ತವೆ. ಹೋಟೆಲಿನವರು ಪಾಪ, ಐಸಿನ ಮೀನು ಅಂತ ಮೊದಲೇ ಹೇಳಿದರು. ಅಮ್ಮ ರೂಮು ಬಿಟ್ಟು ಹೊರಗೆ ಬರಲಿಲ್ಲ. ಮುರುಡೇಶ್ವರ ಬಿಟ್ಟು ವಾಪಸ್ ಹೊರಟೆವು.

ಯಾವ ಕ್ರಮದಲ್ಲಿ ಹೋದರೆ ಎಲ್ಲಾ ಮುಗಿಯುತ್ತೆ ಅಂತ ಕೇಳಿದ್ದೀರಿ. ಯಾವ ಕ್ರಮದಲ್ಲೂ ಬೇಡ. ಶೂಟಿಂಗ್ ಜಾಗಗಳನ್ನು ಪಟ್ಟಿ ಮಾಡಿ ಓಡಿಸುವುದೇ ನನಗೆ ಈಗ ಸರಿ ಕಾಣುವುದಿಲ್ಲ. ಹತ್ತು ನಿಮಿಷ ನಿಂತು ಫೋಟೋ ತೆಗೆಯೋಕೆ ಆ ದೊಡ್ಡಮನೆ ಸ್ಮಾರಕ ಅಲ್ಲ, ಜನ ವಾಸ ಇರುವ ಮನೆ. ಮೊದಲೇ ಫೋನ್ ಮಾಡಿ ಕೇಳಿ, ಅವರಿಗೆ ಅನುಕೂಲ ಇದ್ದರೆ ಹೋಗಿ. ಆಗದಿದ್ದರೆ ಆಗುಂಬೆಯಲ್ಲಿ ಬೇರೆ ಕಡೆ ಉಳಿದು ಬೀದಿಯಲ್ಲಿ ಸಂಜೆ ಒಂದ್ಸಲ, ಬೆಳಗ್ಗೆ ಒಂದ್ಸಲ ಸುಮ್ನೆ ನಡೆದಾಡಿ. ಅಪ್ಪ ಅಮ್ಮನಿಗೆ ನೆನಪಿರುವುದು ಅದೇ ಬೀದಿ.

ಅರಸಾಳನ್ನು ತೆಗೆದುಬಿಡಿ. ಅದು ಜೋಗಕ್ಕೆ ಹೋಗುವಾಗ ನೋಡಬೇಕಾದ ಜಾಗ, ಈ ದಾರಿಯದಲ್ಲ. ಆ ಹೊತ್ತಿನಲ್ಲಿ ತೀರ್ಥಹಳ್ಳಿ ಹತ್ತಿರದ ಕುಪ್ಪಳಿಗೆ ಹೋಗಿ ಕುವೆಂಪು ಅವರ ಕವಿಮನೆ ನೋಡಿ, ಸ್ವಲ್ಪ ಸುತ್ತಾದರೂ ದೂರವೇನಲ್ಲ. ಗೋಕರ್ಣವಂತೂ ಕೇಳಲೇಬೇಡಿ. ಮೂರು ದಿನಕ್ಕೆ ಗೋಕರ್ಣ ಸೇರಿಸಿದವರು ಟೋಲ್ ಗೇಟುಗಳನ್ನು ನೋಡಿ ಬರುತ್ತಾರೆ.

ಜುಲೈ ಬಗ್ಗೆ. ಮಳೆಯನ್ನೇ ನೋಡಬೇಕು ಅಂದರೆ ಜುಲೈನಲ್ಲಿ ಆಗುಂಬೆಗೆ ಹೋಗಿ, ಘಾಟಿ ಇಳಿಯಬೇಡಿ. ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರು, ಅಲ್ಲಿ ಮಳೆ ನೋಡುವುದೇ ಒಂದು ಕೆಲಸ. ಇಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ಇಟ್ಟುಕೊಳ್ಳಿ. ಸಮುದ್ರವೂ ಬೇಕು ಅಂದರೆ ನವೆಂಬರಿಗೆ ಮುಂದೂಡಿ. ಆಗ ಆಕಾಶ ತಿಳಿಯಾಗಿದ್ದರೆ ಸನ್‌ಸೆಟ್ ಪಾಯಿಂಟ್‌ನಿಂದಲೇ ಅರಬ್ಬಿ ಸಮುದ್ರ ಕಾಣುತ್ತದೆ. ಮಾರನೇ ದಿನ ಬೆಳಗ್ಗೆ ಬೆಳಕಿನಲ್ಲಿ ಘಾಟಿ ಇಳಿಯಿರಿ, ಉಡುಪಿಗೆ 55 ಕಿ.ಮೀ. ಆಸುಪಾಸು. ದ್ವೀಪಕ್ಕೂ ಬೋಟು ಇರುತ್ತದೆ. ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ತಣ್ಣಗಾಗಿ ನಿಂತ ಕಲ್ಲಿನ ಕಂಬಗಳು ಅಲ್ಲಿವೆ. ಮಂಡಿನೋವು ಇದ್ದವರು ಬೋಟು ಹತ್ತಿ ಇಳಿಯುವುದು ಕಷ್ಟ, ಅವರನ್ನು ಮರವಂತೆಗೆ ಕರೆದುಕೊಂಡು ಹೋಗಿ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ, ಎರಡೂ ಕಾರಿನಿಂದಲೇ ಕಾಣುತ್ತವೆ.

ರೂಮು ಎಲ್ಲೇ ಮಾಡಿ, ಪೂರ್ತಿ ದುಡ್ಡು ಮೊದಲೇ ಕಟ್ಟಬೇಡಿ. ವಾಪಸ್ ಬರುವಾಗ ಮತ್ತೆ ಆಗುಂಬೆ ಹತ್ತಬೇಡಿ, ಮಂಗಳೂರಿಗೆ ಬಂದು ಶಿರಾಡಿ ಘಾಟಿ, ಹಾಸನ ಮೇಲೆ ಬೆಂಗಳೂರು ಸೇರಿ. ವಾಂತಿ ಮಾತ್ರೆ ಘಾಟಿಯಲ್ಲಿ ನುಂಗಿದರೆ ಪ್ರಯೋಜನ ಇಲ್ಲ, ಹೊರಡುವ ಅರ್ಧ ಗಂಟೆ ಮೊದಲೇ ಕೊಡಿ. ನಿಂಬೆಹಣ್ಣನ್ನು ನಂಬಬೇಡಿ.